ಕಲ್ಲಾಸರೆಯಲ್ಲಿ ಕುರಿಹಿಕ್ಕೆ

ಬಂದವರಿಗೆ ಬೆಟ್ಟದ ಕಲ್ಲಾಸರೆ ತೋರಿಸಿ ವಿವರಿಸುವುದು ಅವಳ ಕೆಲಸ. ಗೈಡ್ ಆಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕೆಲಸ ಕಾಯಂ ಆಗುವುದೂ ಬಿಡುವುದೂ ಇವತ್ತು ಬಂದಿದ್ದ ದೊಡ್ಡ ಸಾಹೇಬರ ಕೈಯಲ್ಲಿತ್ತು. ಹಾಗಾಗಿ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಇದು ಒಳಕ್ಕೆ ಕೊರೆದುಕೊಂಡು ಹೋಗುವ ಗುಹೆಯಲ್ಲ, ಬರೀ ಸೂರು. ಮೇಲಿನ ಪದರ ಗಟ್ಟಿ, ಕೆಳಗಿನದು ಮೆದು. ಗಾಳಿ, ನೀರು ಸೇರಿ ಮೆದುಕಲ್ಲನ್ನು ಪುಡಿಪುಡಿಯಾಗಿ ಉದುರಿಸಿದವು. ಗಟ್ಟಿಕಲ್ಲು ಮುಂದಕ್ಕೆ ಚಾಚಿಕೊಂಡು ಹಾಗೇ ಉಳಿಯಿತು. ಸಾಹೇಬರು ತಲೆದೂಗಿದರು.

ಸೂರಿಗೆ ಹಿಡಿದ ಮಸಿ ಯಾವ ಕಾಲದ್ದೆಂದು ಕೇಳಿದರು. ಸಾವಿರಾರು ವರ್ಷದಿಂದ ಜನ ಇಲ್ಲಿ ಬೆಂಕಿ ಹಾಕಿದ್ದಾರೆ ಎಂದಳು. ಸುಳ್ಳೇನಲ್ಲ. ಮಳೆ ಹಿಡಿದರೆ ಕುರಿ, ಮಕ್ಕಳನ್ನೆಲ್ಲ ಇಲ್ಲಿಗೇ ಹೊಡೆದುಕೊಂಡು ಬರುತ್ತಿದ್ದ ತನ್ನ ಅಮ್ಮನೂ ಆ ಜನರಲ್ಲಿ ಸೇರಿದ್ದಳು ಅನ್ನುವುದನ್ನು ಮಾತ್ರ ನುಂಗಿಕೊಂಡಳು.

ಅಷ್ಟರಲ್ಲಿ ಸಾಹೇಬರ ಬೂಟು ಹಿಕ್ಕೆಯ ಮೇಲೆ ಬಿತ್ತು. ಅದನ್ನು ಕಲ್ಲಿಗೆ ಉಜ್ಜುತ್ತ, ಇದೇನು ಮ್ಯೂಸಿಯಮ್ಮೋ ಕುರಿದೊಡ್ಡಿಯೋ ಎಂದರು. ಮೂಲೆಯಲ್ಲಿ ಅವಳ ಅಣ್ಣ ಕುಂಟುವ ಕುರಿಯೊಂದನ್ನು ತೊಡೆಯ ಮೇಲೆಳೆದುಕೊಂಡು ಗೊರಸಿನ ಮುಳ್ಳು ಕೀಳುತ್ತಿದ್ದ. ತಂಗಿಯನ್ನು ಕಂಡು ಹಲ್ಲು ಕಿರಿದ.

"ಯಾರಮ್ಮ ಇವನು?"

"ಗೊತ್ತಿಲ್ಲ ಸಾರ್. ಯಾರೋ ಕುರಿಯವನು. ಎಷ್ಟು ಹೇಳಿದ್ರೂ ಕೇಳಲ್ಲ ಈ ಜನ."

"ಈ ಜನ" ಅನ್ನುವುದು ಬಾಯಿಪಾಠದಲ್ಲಿ ಇರಲಿಲ್ಲ. ತಾನಾಗಿಯೇ ಬಂತು.

ಅಣ್ಣ ಎದ್ದ. ಹುಟ್ಟಿದಾಗಿನಿಂದ ಅವಳನ್ನು ಲೇ, ಗೂಬೆ ಎಂದೇ ಕರೆದವನು ತಲೆ ತಗ್ಗಿಸಿ ನಿಂತ.

"ತಪ್ಪಾಯ್ತು ಮೇಡಂ. ನೀವು ಹೇಳ್ತಾನೇ ಇದ್ರಿ, ನನ್ ತಲೆಗೇ ಹೋಗ್ಲಿಲ್ಲ."

ಕುರಿಯನ್ನು ಹೆಗಲಿಗೇರಿಸಿಕೊಂಡು ಹೊರಟುಹೋದ. ಸಾಹೇಬರಿಗೆ ಖುಷಿಯಾಯಿತು. ಸುತ್ತ ಬೇಲಿ ಹಾಕಿಸಲು ಅಲ್ಲೇ ಹೇಳಿದರು. ಹುಡುಗಿ ಖಡಕ್ಕಾಗಿದ್ದಾಳೆ, ಕಾಯಂ ಮಾಡಿ ಎಂದೂ ಹೇಳಿದರು. ಅವಳು ಥ್ಯಾಂಕ್ಸ್ ಸಾರ್ ಎಂದಳು.

ಸಂಜೆ ಮನೆಯಲ್ಲಿ ಅಣ್ಣ ಬೈಯಲಿ ಎಂದು ಕಾದಳು. ಕೆನ್ನೆಗೆರಡು ಬಿಟ್ಟಿದ್ದರೂ ಹಗುರಾಗುತ್ತಿತ್ತು. ಅವನು ಕೈಕಾಲು ತೊಳೆದು ಅವಳ ಪಕ್ಕದಲ್ಲೇ ಊಟಕ್ಕೆ ಕೂತ. ಬೇಲಿಯ ಸುದ್ದಿಯಷ್ಟೇ ಕೇಳಿದ್ದ ಅತ್ತಿಗೆ, ಮಳೆ ಬಂದರೆ ಇನ್ನು ಕುರಿ ಎಲ್ಲಿಗೆ ಹೊಡೆಯುವುದು, ಆಫೀಸಿನಲ್ಲಿ ಒಂದು ಮಾತು ಹೇಳೆಂದು ತಂಗಿಯನ್ನೇ ಕೇಳಬಾರದೇ ಎಂದು ಗಂಡನಿಗೆ ಹೇಳಿದಳು.

"ಅವ್ರನ್ನ ಯಾಕೆ ಕೇಳ್ತೀಯ? ಅವ್ರಿಗೆ ನಾವು ಯಾರೋ."

ಅಣ್ಣ ತಂಗಿಯ ತಮಾಷೆ ಇದೆಂದುಕೊಂಡು ಅತ್ತಿಗೆ ನಕ್ಕಳು. ಬಾಯಲ್ಲಿ ತುತ್ತು ಇಟ್ಟುಕೊಂಡೇ ಅವಳೂ ನಕ್ಕಳು.