ಬೆರಳಿಗೆ ಗುದ್ದಿದ ಮೀನು

ನನ್ನ ಕಣ್ಣು ಹೋಗಿದೆ, ಬುದ್ಧಿ ಹೋಗಿಲ್ಲ. ದಿನಕ್ಕೆ ಹತ್ತು ಸಲ ಹೇಳಿದರೂ ಇದು ನನ್ನ ಮಗ ವೆಂಕಟನ ತಲೆಗೆ ಇಳಿಯುವುದಿಲ್ಲ. "ಸುಮ್ನೆ ಜಗುಲಿ ಮೇಲೆ ಕೂತ್ಕೋ ಅಪ್ಪಾ" ಎನ್ನುತ್ತಾನೆ. ಬೆಳಿಗ್ಗೆಯಿಂದ ಸಂಜೆವರೆಗೆ ಕೂತಿರಲು ನಾನೇನು ರಾಗಿ ಮೂಟೆಯೇ?

ಕಣ್ಣು ಹೋಗಿ ಮೂರು ವರ್ಷವಾದರೂ ನಮ್ಮ ರೇಷ್ಮೆ ಹುಳದ ಮನೆಯ ಕೆಲಸ ಬಿಟ್ಟಿರಲಿಲ್ಲ. ಕೊನೇ ಜ್ವರ ಎದ್ದ, ಅಂದರೆ ಕೊನೇ ಸಲ ಪೊರೆ ಬಿಟ್ಟ ದಪ್ಪ ಹುಳಗಳು ಹಿಪ್ಪುನೇರಳೆ ಸೊಪ್ಪು ತಿನ್ನುವಾಗ ಸೋನೆಮಳೆಯ ಹಾಗೆ ಸದ್ದು ಬರುತ್ತದೆ. ಸದ್ದು ಎಲ್ಲಿ ನಿಂತಿತೋ ಅಲ್ಲಿ ಸೊಪ್ಪು ಮುಗಿದಿದೆ. ಹುಳದ ತಟ್ಟೆ ಜೋಡಿಸಿದ ಸ್ಟ್ಯಾಂಡು ಎದುರಾದರೆ ಗಾಳಿ ಕಟ್ಟಿದ್ದು ಕೆನ್ನೆಗೇ ತಿಳಿಯುತ್ತದೆ. ಯಾರ ಕೈಯನ್ನೂ ಹಿಡಿಯದೆ ಒಂದೊಂದು ತಟ್ಟೆಗೂ ಸೊಪ್ಪು ಹಾಕುತ್ತಿದ್ದೆ.

ಹೋದ ಬೆಳೆಗೆ ಸೆಕೆ ಜಾಸ್ತಿ ಎಂದು ವೆಂಕಟ ಕೋಲಾರದಿಂದ ಎರಡು ದೊಡ್ಡ ಫ್ಯಾನ್ ತಂದು ಹಾಕಿದ. ಭರ್ರೋ ಎಂದು ತಿರುಗುವ ಆ ಗಲಾಟೆಯಲ್ಲಿ ನನಗೆ ಹುಳವೂ ಇಲ್ಲ, ಗೋಡೆಯೂ ಇಲ್ಲ. ಮೂರನೇ ದಿನ ಸ್ಟ್ಯಾಂಡಿಗೆ ಡಿಕ್ಕಿ ಹೊಡೆದೆ. ಎರಡು ತಟ್ಟೆ ಹುಳ ನೆಲಕ್ಕೆ ಬಿದ್ದು, ಅರ್ಧ ನನ್ನ ಕಾಲಡಿಯೇ ಸತ್ತವು. ಅಂದಿನಿಂದ ಹುಳದ ಮನೆಗೆ ನಾನು ಕಾಲಿಡುವಂತಿಲ್ಲ. ಫ್ಯಾನಿನಿಂದ ಹೀಗಾಯಿತು ಎಂದರೆ, "ವಯಸ್ಸಾಯ್ತು, ಫ್ಯಾನ್ ಮೇಲ್ಯಾಕೆ ಹಾಕ್ತೀಯ?" ಎಂದ ಮಹಾನುಭಾವ.

ಮೊಮ್ಮಗಳು ಚಂದನ ಕೋಲಾರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ. ಮೊನ್ನೆ ಭಾನುವಾರ ಗಾಜಿನ ತೊಟ್ಟಿಯಲ್ಲಿ ಒಂದು ಮೀನು ತಂದು ಜಗುಲಿಯ ಮೇಲಿಟ್ಟಳು.

"ಇದು ಹುಟ್ಟುಕುರುಡು ತಾತ. ಕಣ್ಣಿರೋ ಜಾಗದಲ್ಲಿ ಬರೀ ಚರ್ಮ."

"ನಂಗೆ ಜೊತೆ ಸಿಕ್ತು ಬಿಡು. ಇದನ್ನೂ ಜಗುಲಿ ಮೇಲೆ ಕೂರಿಸ್ತಾನಾ ನಿಮ್ಮಪ್ಪ?"

ನಕ್ಕಳು. "ನೀರಲ್ಲಿ ಬೆರಳಿಡು ತಾತ."

ಇಟ್ಟೆ. ಬೆರಳಿನ ಪಕ್ಕ ನೀರು ಸಣ್ಣಗೆ ಸರಿಯಿತು. ಮೀನು ಹತ್ತಿರ ಬಂದು, ತಾಗದೆ, ಬಳಸಿಕೊಂಡು ಹೋಯಿತು. ಮತ್ತೆ ಬಂತು, ಮತ್ತೆ ಹಾಗೇ ಹೋಯಿತು. ಕಳ್ಳ!

"ಅದರ ಮೈ ಪಕ್ಕದಲ್ಲಿ ಸಾಲಾಗಿ ಸಣ್ಣ ರೋಮದ ಥರ ಇರ್ತವೆ. ಏನಾದ್ರೂ ಅಡ್ಡ ಇದ್ರೆ ನೀರು ಹರಿಯೋ ರೀತಿ ಬದಲಾಗುತ್ತಲ್ಲ, ಅದು ಆ ರೋಮಕ್ಕೆ ಗೊತ್ತಾಗುತ್ತೆ."

ಹೇಳುತ್ತಲೇ ತೊಟ್ಟಿಗೆ ಗಾಳಿ ಊದುವ ಮೋಟರು ಹಾಕಿದಳು. ನೀರು ಬುಳುಬುಳು ಎಂದಿತು. ಈ ಸಲ ಮೀನು ನೇರ ಬಂದು ನನ್ನ ಬೆರಳಿಗೆ ಗುದ್ದಿತು. ಇನ್ನೊಮ್ಮೆ ಗುದ್ದಿತು.

"ಇದಕ್ಕೇನಾಯ್ತೇ?"

"ಮೋಟ್ರು ನೀರೆಲ್ಲ ಕಲಕಿಬಿಡ್ತಲ್ಲ ತಾತ. ಅದಕ್ಕೀಗ ಏನೂ ತಿಳಿಯಲ್ಲ."

ನಾನು ಎದ್ದು ನಿಂತೆ. "ಲೇ ವೆಂಕಟ! ಬಾರೋ ಇಲ್ಲಿ!"

ಬಂದ. ಅವನ ಬೆರಳನ್ನೇ ಹಿಡಿದು ನೀರಿಗೆ ಅದ್ದಿದೆ. ಮೋಟರು ಆರಿಸಲು ಹೇಳಿದೆ, ಮತ್ತೆ ಹಾಕಲು ಹೇಳಿದೆ. ಮೀನು ಅವನಿಗೂ ಗುದ್ದಿತು.

"ಈಗ ಹೇಳು, ಮೀನಿಗೂ ವಯಸ್ಸಾಯ್ತಾ?"

ವೆಂಕಟ ಬೆರಳನ್ನು ಹಿಂದಕ್ಕೆಳೆದುಕೊಂಡ.

"ಹತ್ತೇ ನಿಮಿಷ ಫ್ಯಾನ್ ಆರಿಸು. ಒಂದು ಕಡೆ ತಗುಲಿದರೂ ಇನ್ನು ಹುಳದ ಮನೆ ಹೆಸರೆತ್ತಲ್ಲ."

ಹುಳದ ಮನೆಗೆ ಹೋದೆವು, ವೆಂಕಟ ಫ್ಯಾನ್ ಆರಿಸಿದ. ಅಬ್ಬಾ, ಸೋನೆಮಳೆ! ಕೇಳಿ ಎಷ್ಟು ದಿನವಾಗಿತ್ತು. ಕಣ್ಣು ಒದ್ದೆಯಾಯಿತು, ಆ ಒಂದು ಕೆಲಸವನ್ನು ಅವು ಇನ್ನೂ ಮಾಡುತ್ತವೆ.

ಎಡಗಡೆ ಸಾಲು ಹಿಡಿದು ನಡೆದೆ. ಹಿಂದೆ ವೆಂಕಟ, ಸೊಸೆ ಶ್ಯಾಮಲ ಉಸಿರು ಬಿಗಿಹಿಡಿದು ಬರುತ್ತಿದ್ದರು. ಐದನೇ ಸ್ಟ್ಯಾಂಡಿನ ಮುಂದೆ ನಿಂತೆ.

"ಕೆಳಗಿಂದ ಎರಡನೇ ತಟ್ಟೆಗೆ ಸೊಪ್ಪು ಹಾಕಿದ್ದು ಯಾರು?"

"ನಾನೇ ಮಾವ," ಎಂದಳು ಶ್ಯಾಮಲ.

"ಹಾಕಿಲ್ಲ. ನೋಡು."

ಬಗ್ಗಿದಳು. "ಅಯ್ಯೋ, ಬಿಟ್ಟೋಗಿದೆ ಮಾವ!"

ಆಗ ನನ್ನ ಮೊಣಕೈ ಪಕ್ಕದಲ್ಲಿ ಗಾಳಿ ಕದಲಿತು.

"ಕೈ ತೆಗಿಯೋ ವೆಂಕಟ. ಹಿಡೀಬೇಡ ನನ್ನ."

"ಇನ್ನೂ ಮುಟ್ಟೇ ಇಲ್ವಲ್ಲಪ್ಪಾ!"

"ಅದೇ ಕಣೋ ನಾನು ಇಷ್ಟು ದಿನ ಬಾಯಿ ಬಡ್ಕೊಂಡಿದ್ದು."

ವೆಂಕಟ ಹೋಗಿ ಸೊಪ್ಪಿನ ಬುಟ್ಟಿ ತಂದು ನನ್ನ ಕೈಗೆ ಕೊಟ್ಟ.