ನಾಲ್ಕನೇ ಕಲಂ, ರಕ್ತದ ಬಣ್ಣ

ಅವನಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಹಸಿರೂ ಅಷ್ಟೇ. ಎರಡೂ ಅವನ ಕಣ್ಣಿಗೆ ನೆನೆದ ರಟ್ಟಿನ ಬಣ್ಣ. ಇದು ಗೊತ್ತಿದ್ದದ್ದು ಅವನಿಗೆ ಮತ್ತು ಅವನ ತಾಯಿಗೆ. ತಾಯಿ ತೀರಿಕೊಂಡ ಮೇಲೆ ಅವನೊಬ್ಬನಿಗೇ. ಎಲೆಗೆ ಕೆಂಪು ಬಳಿದು ಶಾಲೆಯಲ್ಲಿ ಬೈಸಿಕೊಂಡು ಬಂದ ದಿನ ಅವಳು ಬಣ್ಣದ ಕಡ್ಡಿಗಳಿಗೆಲ್ಲ ಒಂದೊಂದು ಚೀಟಿ ಅಂಟಿಸಿ, "ಓದ್ಕೊಂಡು ಬಳಿ. ಯಾರ ಹತ್ರಾನೂ ಬಾಯಿ ಬಿಡ್ಬೇಡ," ಅಂದಿದ್ದಳು. ಮುಂದಿನ ಇಪ್ಪತ್ತೇಳು ವರ್ಷ ಅವನು ಬಾಯಿ ಬಿಡಲಿಲ್ಲ.

ವಿಡಿಯೊ ಗೇಮ್‌ಗಳನ್ನು ನೋಡಿ, ಯಾವ ವಯಸ್ಸಿನವರು ಆಡಬಹುದೆಂದು ಬರೆಯುವುದು ಅವನ ಕೆಲಸ. ಸೇರುವಾಗ ಪದವಿ ಪತ್ರ ಕೇಳಿದರು, ಪೊಲೀಸರ ಪತ್ರ ಕೇಳಿದರು, ದಿನವಿಡೀ ಹೊಡಿ ಬಡಿ ನೋಡಿದರೂ ಈತನ ತಲೆ ಕೆಡುವುದಿಲ್ಲ ಎಂದು ಮನೋವೈದ್ಯರಿಂದ ಬರೆಸಿಕೊಂಡು ಬಾ ಎಂದರು. ಕಣ್ಣಿನ ಬಗ್ಗೆ ಯಾರೂ ಕೇಳಲಿಲ್ಲ.

ಕಚೇರಿ ಇದ್ದದ್ದು ಮೂರನೇ ಮಹಡಿಯಲ್ಲಿ. ಎರಡನೆಯದರಲ್ಲಿ ಹಲ್ಲಿನ ಡಾಕ್ಟರು. ಮಹಡಿ ತಪ್ಪಿ ಮೇಲೆ ಬಂದ ರೋಗಿಗಳು ಒಳಗಿನ ಚೀರಾಟ ಕೇಳಿ, ಹಲ್ಲು ನೋವನ್ನು ಹಾಗೇ ಇಟ್ಟುಕೊಂಡು ಮನೆಗೆ ಹೋಗುತ್ತಿದ್ದರು. ನಾಲ್ಕು ಕೋಣೆ, ನಾಲ್ಕಕ್ಕೂ ಕಪ್ಪು ಪರದೆ, ಒಂದೊಂದರಲ್ಲೂ ಒಂದು ದೊಡ್ಡ ಟಿವಿ ಮತ್ತು ಎರಡು ಕುರ್ಚಿ. ಒಂದು ಗೇಮಿಗೆ ಇಬ್ಬರು ಪರೀಕ್ಷಕರು, ಒಂದು ನಮೂನೆ, ಒಂಬತ್ತು ಕಲಂ. ಮೂರನೇ ಕಲಂ ಸತ್ತವರ ಸಂಖ್ಯೆ. ಅದನ್ನು ಎಣಿಸಲು ಹೆಬ್ಬೆರಳಿನಿಂದ ಒತ್ತಿದರೆ ಒಂದೊಂದೇ ಅಂಕಿ ಏರುವ ಪುಟ್ಟ ಕೌಂಟರ್ ಕೊಡುತ್ತಿದ್ದರು. ಎಷ್ಟೇ ಗಲಾಟೆಯ ಗೇಮಿನಲ್ಲೂ ಅವನ ಎಣಿಕೆ ತಪ್ಪಿದ್ದೇ ಇಲ್ಲ. ಅದಕ್ಕೇ ಅವನಿಗೆ ಲೆಕ್ಕದಣ್ಣ ಎಂದು ಹೆಸರು ಬಿದ್ದಿತ್ತು.

ನಾಲ್ಕನೇ ಕಲಂ ರಕ್ತದ ಬಣ್ಣ. ಕೆಂಪಾದರೆ ಹದಿನೆಂಟರ ಮೇಲಿನವರಿಗೆ ಮಾತ್ರ. ಬೇರೆ ಬಣ್ಣವಾದರೆ ಹನ್ನೆರಡು ತುಂಬಿದ್ದರೆ ಸಾಕು. ನಿಯಮ ಬರೆದವರ ಪ್ರಕಾರ ಹಸಿರು ರಕ್ತದವನು ಮನುಷ್ಯನಲ್ಲ. ಹಾಗಾಗಿ ಹದಿನೆಂಟು ಬರೆಸಿಕೊಂಡ ಕಂಪನಿಗಳು ರಕ್ತಕ್ಕೆ ಹಸಿರು ಬಳಿದು ಮತ್ತೆ ಬರುತ್ತಿದ್ದವು.

ಆ ಕಲಮನ್ನು ಒಂಬತ್ತು ವರ್ಷ ಅವನು ಕಿವಿಯಿಂದ ತುಂಬಿದ. ಪಕ್ಕದ ಕುರ್ಚಿಯಲ್ಲಿ ಟೀಚರಮ್ಮ ಕೂರುತ್ತಿದ್ದರು. ಮೊದಲು ಯಾವುದೋ ಶಾಲೆಯಲ್ಲಿ ಪಾಠ ಮಾಡಿದವರು. ಬಾಯಿ ಸುಮ್ಮನಿರುತ್ತಿರಲಿಲ್ಲ. "ನೋಡು, ಕೋಡಿ ಹರಿಸಿದಾನೆ, ಕೆಂಪಗೆ." "ಇದಕ್ಕೆ ಹಸಿರು ಬಳಿದವ್ರೆ, ಪಾಯಸಕ್ಕೆ ಪಾಚಿ ಬಿದ್ದಂಗಿದೆ." ಅವನು ಕೌಂಟರ್ ಒತ್ತುತ್ತ ಕೇಳಿಸಿಕೊಂಡು ಬರೆಯುತ್ತಿದ್ದ.

ಸುತ್ತಿಗೆಯ ಗೇಮು ಮೊದಲ ಸಲ ಬಂದಾಗ ಟೀಚರಮ್ಮ ಇದ್ದರು. ಆಡುವವನ ಕೈಯಲ್ಲಿ ಸುತ್ತಿಗೆ, ಒಂದು ಕಾರ್ಖಾನೆ, ಮೊದಲ ಹಂತದಲ್ಲಿ ನಲವತ್ತೊಂದು ಜನ. ನಲವತ್ತು ಜನ ಎದುರು ನಿಂತು ಹೊಡೆದಾಡುತ್ತಾರೆ. ನಲವತ್ತೊಂದನೆಯವನ ಕೈಯಲ್ಲಿ ಏನೂ ಇಲ್ಲ. ಅವನು ಬಾಗಿಲ ಕಡೆ ತೆವಳುತ್ತಾನೆ. ಬೇಡ ಅನ್ನುತ್ತಾನೆ, ಮನೆಯಲ್ಲಿ ಮಕ್ಕಳಿದ್ದಾರೆ ಅನ್ನುತ್ತಾನೆ. ಅವನನ್ನು ಮುಗಿಸದೆ ಬಾಗಿಲು ತೆರೆಯುವುದಿಲ್ಲ. ಲೆಕ್ಕದಣ್ಣ ಕಂಟ್ರೋಲರ್ ಕೆಳಗಿಟ್ಟು ಹತ್ತು ನಿಮಿಷ ಕಾದು ನೋಡಿದ. ತೆವಳುವವನು ಬಾಗಿಲ ಹತ್ತಿರ ಹೋಗಿ, ಮತ್ತೆ ಮೊದಲಿದ್ದ ಜಾಗದಿಂದಲೇ ತೆವಳಲು ಶುರುಮಾಡಿದ.

"ಕೆಂಪು," ಅಂದರು ಟೀಚರಮ್ಮ. ಹದಿನೆಂಟು ಬಿತ್ತು.

ಕಂಪನಿ ಹಸಿರು ಬಳಿದು ತರುತ್ತೇನೆಂದಿತು. ಲೆಕ್ಕದಣ್ಣ ತನ್ನ ಕಚೇರಿಯ ಅಧ್ಯಕ್ಷರ ಕೋಣೆಗೆ ಹೋದ.

"ಸರ್, ಯಾವ ಬಣ್ಣ ಬಳಿದ್ರೂ ಇದಕ್ಕೆ ಹದಿನೆಂಟೇ ಇರ್ಲಿ. ಆ ಮನುಷ್ಯ ಬೇಡ್ಕೊಳ್ತಾನೆ."

"ಬೇಡ್ಕೊಳ್ಳೋಕೆ ಯಾವ ಕಲಂ ಇದೆ?"

"ಕಲಂ ಇಲ್ಲ ಸರ್."

"ಮತ್ತೆ? ಬಣ್ಣ ನೋಡಿ, ಎಣ್ಸಿ, ಸೈನ್ ಹಾಕಿ. ನಿಮ್ಮ ಹೊಟ್ಟೆ ತೊಳಸುತ್ತೆ ಅಂತ ನಮೂನೆ ಬದಲಾಯಿಸೋಕಾಗಲ್ಲ."

ಎರಡನೇ ಸಲ ಗೇಮು ಬಂದಾಗ ಟೀಚರಮ್ಮ ಮಂಡಿ ಆಪರೇಷನ್‌ಗೆ ರಜೆ ಹಾಕಿದ್ದರು. ರಜೆಯಲ್ಲಿರುವವರು ಬಂದ ಮೇಲೆ ಕಡತ ನೋಡಿ ಸಹಿ ಹಾಕುವುದು ಅಲ್ಲಿನ ರೂಢಿ. ಗೇಮು ಮತ್ತೆ ಯಾರೂ ನೋಡುತ್ತಿರಲಿಲ್ಲ. ಲೆಕ್ಕದಣ್ಣ ಒಬ್ಬನೇ ಕೂತ. ಕಡತದಲ್ಲಿ ಕಂಪನಿಯವರೇ ಬರೆದಿದ್ದರು: ರಕ್ತ, ಹಸಿರು. ಅವನು ನಲವತ್ತೊಂದು ಎಣಿಸಿದ. ತೆವಳುವವನು ತೆವಳಿದ. ನಾಲ್ಕನೇ ಕಲಂನಲ್ಲಿ ಹಸಿರು ಎಂದು ಬರೆದು, ಹಲ್ಲು ಕಚ್ಚಿ ಹನ್ನೆರಡರ ಮೊಹರು ಒತ್ತಿದ. ಮೊಹರು ಬಿದ್ದ ಡಿಸ್ಕನ್ನೇ ಅಚ್ಚಿಗೆ ಕಳಿಸಬೇಕು, ಒಂದು ಚುಕ್ಕೆಯೂ ಬದಲಾಗಬಾರದು ಎಂಬುದು ಕಾನೂನು. ಕಂಪನಿ ಹಾಗೇ ಮಾಡಿತು.

ಹಸಿರು ಎಂದು ಬರೆದ ಆ ಕಡತದ ಒಳಗೆ ಕಂಪನಿಯ ಹುಡುಗರು ಕೈತಪ್ಪಿ ಇಟ್ಟಿದ್ದದ್ದು ಕೆಂಪು ರಕ್ತದ ಹಳೆಯ ಡಿಸ್ಕು. ಕಣ್ಣಿದ್ದ ಯಾರಿಗಾದರೂ ಮೊದಲ ಏಟಿಗೇ ತಿಳಿಯುತ್ತಿತ್ತು.

ಅಕ್ಕನ ಮಗಳಿಗೆ ಹನ್ನೆರಡು ತುಂಬಿದ್ದು ಎರಡು ತಿಂಗಳ ನಂತರ, ಗೇಮು ಅಂಗಡಿಗೆ ಬಂದ ವಾರ. ಹುಟ್ಟಿದಾಗ ಚೋಟುದ್ದ ಇದ್ದಳೆಂದು ಅವಳನ್ನು ಚೋಟು ಅನ್ನುತ್ತಿದ್ದರು. ಈಗ ಅಮ್ಮನ ಭುಜಕ್ಕೆ ಬಂದಿದ್ದಳು. ಭಾನುವಾರ ಮಧ್ಯಾಹ್ನ ಅವಳ ಜೊತೆಯವರು ನಾಲ್ಕು ಮಕ್ಕಳು ಬಂದಿದ್ದರು. ಲೆಕ್ಕದಣ್ಣ ಒಳಗೆ ಕಾಲಿಡುವಾಗ ಭಾವ ಉಡುಗೊರೆಯ ಕಾಗದ ಹರಿದು ಡಿಸ್ಕಿನ ಡಬ್ಬಿ ಎತ್ತಿ ತೋರಿಸುತ್ತಿದ್ದ. ಮುಖಪುಟದಲ್ಲಿ ಸುತ್ತಿಗೆ.

"ಇದು ಬೇಡ ಭಾವ."

"ಯಾಕಯ್ಯ? ಹನ್ನೆರಡು ಅಂತ ನೀನೇ ಅಲ್ವಾ ಒತ್ತಿರೋದು? ನನ್ನ ಭಾವಮೈದನ ಮೊಹರು ಅಂತ ಅಂಗಡಿಯವನಿಗೂ ಹೇಳಿ ತಂದಿದೀನಿ."

"ಮೊಹರು ನಂದೇ. ಆದ್ರೂ ಬೇಡ."

"ನಿನ್ನ ಅಡುಗೆ ನೀನೇ ತಿನ್ನಲ್ಲ ಅಂದ್ರೆ ಹೆಂಗೆ? ಕೂತ್ಕೋ ಸುಮ್ನೆ."

ಅವನು ಕೂತ. ತನ್ನ ಸಹಿಯ ವಿರುದ್ಧ ತಾನೇ ಮಾತಾಡುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಮಕ್ಕಳು ಪರದೆ ಎಳೆದರು. ಮೊದಮೊದಲು ಕಿತ್ತಾಟ, ಕೊಡೇ, ನಂದು ಸರದಿ, ನೀನು ಬರೀ ಗೋಡೆಗೆ ಹೊಡೀತೀಯ. ಅವನ ಹೆಬ್ಬೆರಳು ಜೇಬಿನೊಳಗೆ ತನ್ನಷ್ಟಕ್ಕೆ ಕೌಂಟರ್ ಒತ್ತತೊಡಗಿತು. ಮೂರು. ಏಳು. ಹನ್ನೊಂದರ ಹೊತ್ತಿಗೆ ಮಾತು ನಿಂತಿತು. ಮಕ್ಕಳು ಆಟದಲ್ಲಿ ಮುಳುಗಿದ್ದಾರೆ ಎಂದುಕೊಂಡ. ಎಲ್ಲರಿಗಿಂತ ಚಿಕ್ಕವಳು ಸೋಫಾದ ದಿಂಬನ್ನು ಮುಖಕ್ಕೆ ಒತ್ತಿಕೊಂಡದ್ದು ಅವನಿಗೆ ಕಂಡಿತು. ನಲವತ್ತೊಂದನೆಯವನು ತೆವಳತೊಡಗಿದ. ಕಂಟ್ರೋಲರ್ ಚೋಟುವಿನ ಕೈಯಲ್ಲಿತ್ತು.

"ಮಾಮ, ಬಾಗಿಲು ತೆಗೀತಿಲ್ಲ."

"ತೆಗಿಯಲ್ಲ ಪುಟ್ಟ. ಆಫ್ ಮಾಡು."

"ಹೊಡೆದ್ರೆ ತೆಗಿಯುತ್ತಾ?"

ಅವನು ಉತ್ತರಿಸುವ ಮೊದಲೇ ಅವಳು ಗುಂಡಿ ಒತ್ತಿದಳು. ಆಗ ಅಕ್ಕ ಕೇಕಿನ ತಟ್ಟೆ ಹಿಡಿದು ಒಳಗೆ ಬಂದಳು. ತಟ್ಟೆ ನೆಲಕ್ಕೆ ಬಿತ್ತು. ಬಿದ್ದದ್ದರ ಕಡೆ ಅವಳು ನೋಡಲೇ ಇಲ್ಲ. ಕೇಕನ್ನು ತುಳಿದುಕೊಂಡೇ ಹೋಗಿ ಟಿವಿಯ ವಯರನ್ನು ಗೋಡೆಯಿಂದ ಕಿತ್ತಳು.

"ಏನಿದು? ಏನು ತೋರಿಸ್ತಿದೀರ ಮಕ್ಕಳಿಗೆ?"

ಚಿಕ್ಕವಳು ದಿಂಬಿನೊಳಗೇ ವಾಂತಿ ಮಾಡಿಕೊಂಡಳು. ಭಾವ ಬಾಗಿಲಲ್ಲಿ ನಿಂತವನು ನಿಂತಲ್ಲೇ ಇದ್ದ. ಲೆಕ್ಕದಣ್ಣನಿಗೆ ಮಾತ್ರ ಇಷ್ಟೊಂದು ಯಾಕೆಂದು ಅರ್ಥವಾಗಲಿಲ್ಲ. ಇದೇ ಗೇಮು ಇನ್ನೂ ನೂರಾರು ಮನೆಗಳಲ್ಲಿ ಓಡುತ್ತಿತ್ತು.

"ಹಸಿರು ತಾನೇ ಅಕ್ಕ?" ಅಂದ.

ಅಕ್ಕ ತಿರುಗಿದಳು. "ಏನಂದೆ?"

"ರಕ್ತ. ಹಸಿರು ತಾನೇ."

 ಅವಳು ಮೇಜಿನ ಮೇಲಿನ ಎರಡು ಕಾಗದದ ಲೋಟ ತೆಗೆದು ಎತ್ತಿ ಹಿಡಿದಳು. "ಇದ್ಯಾವ ಬಣ್ಣ? ಇದು?"

ಎರಡೂ ಲೋಟ ನೆನೆದ ರಟ್ಟಿನ ಬಣ್ಣಕ್ಕಿದ್ದವು. ಯಾವುದರ ಮೇಲೂ ಚೀಟಿ ಇರಲಿಲ್ಲ.

"ಹೇಳೋ."

ಅವನು ಒಂದು ಲೋಟದಿಂದ ಇನ್ನೊಂದಕ್ಕೆ ಕಣ್ಣು ಹೊರಳಿಸಿದ. ಮಕ್ಕಳೆಲ್ಲ ಅವನನ್ನೇ ನೋಡುತ್ತಿದ್ದರು. ಚೋಟು ಮೆಲ್ಲಗೆ, "ಎಡಗಡೇದು ಕೆಂಪು ಮಾಮ," ಅಂದಳು.

"ಒಂದೇ ತಟ್ಟೇಲಿ ಉಂಡು ಬೆಳೆದಿದೀವಿ," ಅಂದಳು ಅಕ್ಕ. ದನಿ ಏರಿರಲಿಲ್ಲ, ಏರಿದ್ದರೆ ಅವನಿಗೆ ಹಗುರಾಗುತ್ತಿತ್ತು. "ಅಮ್ಮನಿಗೆ ಗೊತ್ತಿತ್ತಾ?"

"ಹೂಂ."

"ನಂಗೆ ಹೇಳ್ಬಾರ್ದು ಅಂತ ಅವಳೇ ಅಂದಿದ್ಲಾ?"

"ಯಾರಿಗೂ ಹೇಳ್ಬಾರ್ದು ಅಂದಿದ್ಲು."

ಸೋಮವಾರ ಮೂರನೇ ಮಹಡಿಯ ಫೋನು ಬಡಿದುಕೊಳ್ಳುತ್ತಲೇ ಇತ್ತು. ಕಂಪನಿ ಡಿಸ್ಕು ಅದಲುಬದಲಾದದ್ದನ್ನು ಒಪ್ಪಿಕೊಂಡಿತು; ಆದರೆ ನೋಡಲೆಂದೇ ಕಚೇರಿ ಇರುವುದಲ್ಲವೇ ಎಂದೂ ಕೇಳಿತು. ಅಧ್ಯಕ್ಷರ ಮೇಜಿನ ಮೇಲೆ ಅವನ ಒಂಬತ್ತು ವರ್ಷದ ನಮೂನೆಗಳು ರಾಶಿ ಬಿದ್ದಿದ್ದವು. ಅವನು ತನ್ನ ಕಣ್ಣಿನ ವಿಷಯ ಹೇಳಿ ಮುಗಿಸಿದ್ದ.

"ಒಂಬತ್ತು ವರ್ಷ ಕಣ್ರೀ. ಕಿವುಡನ ಕೈಗೆ ಸಂಗೀತದ ಪರೀಕ್ಷೆ ಕೊಟ್ಟಂಗಾಯ್ತು."

"ಉಳಿದದ್ದೆಲ್ಲ ಸರಿ ಇದೆ ಸರ್. ಬೇಕಾದ್ರೆ ಮತ್ತೆ ನೋಡಿಸಿ. ಇದಕ್ಕೆ ನಾನು ಮೊದಲೇ ಹೇಳಿದ್ದೆ, ಯಾವ ಬಣ್ಣ ಆದ್ರೂ ಹದಿನೆಂಟು ಅಂತ."

"ಬಣ್ಣ ಕಾಣದವನು ಬಣ್ಣದ ಮಾತಾಡ್ಬೇಡಿ."

"ಬಣ್ಣದ ಮಾತಲ್ಲ ಸರ್. ಆ ಮನುಷ್ಯ ತೆವಳೋದು ಎರಡರಲ್ಲೂ ಇದೆ."

ಅಧ್ಯಕ್ಷರು ಕೈ ಚಾಚಿದರು. ಅವನು ಗುರುತಿನ ಚೀಟಿ ಕೊಟ್ಟ, ಕೋಣೆಯ ಬೀಗದಕೈ ಕೊಟ್ಟ. ಕೌಂಟರ್ ಅವರು ಕೇಳಲಿಲ್ಲ. ಅವನಿಗೂ ನೆನಪಾಗಲಿಲ್ಲ.

ಮೆಟ್ಟಿಲಲ್ಲಿ ಟೀಚರಮ್ಮ ಕೋಲೂರಿಕೊಂಡು ನಿಂತಿದ್ದರು. ನೋಡದೆ ಸಹಿ ಹಾಕಿದ್ದಕ್ಕೆ ಅವರಿಗೂ ನೋಟಿಸು ಬಂದಿತ್ತು.

"ನನ್ನ ಬಾಯಿ ನೋಡ್ಕೊಂಡು ಬರೀತಿದ್ಯಾ ಇಷ್ಟು ದಿನ?"

"ಕೇಳ್ಕೊಂಡು."

"ನನ್ನ ಹಸಿರು ಶಾಲು ಚೆನ್ನಾಗಿದೆ ಅಂದಿದ್ಯಲ್ಲ."

"ಹಸಿರು ಅಂತ ನೀವೇ ಹೇಳಿದ್ರಿ."

ಅವರು ನಗಲು ಹೋಗಿ ನಿಲ್ಲಿಸಿದರು. "ಒಂದು ಮಾತು ಹೇಳಿದ್ರೆ ಆಸ್ಪತ್ರೆಯಿಂದಾದ್ರೂ ಬಂದು ನೋಡ್ತಿದ್ನಲ್ಲೋ, ಮುಂಡೇದೆ." ಆಮೇಲೆ ಕೋಲು ಮುಂದಿಟ್ಟು ಒಂದೊಂದೇ ಮೆಟ್ಟಿಲು ಹತ್ತಿ ಹೋದರು.

ಮೂರು ವಾರದಲ್ಲಿ ಅವನ ನಾನ್ನೂರ ಹನ್ನೆರಡು ಗೇಮುಗಳನ್ನು ಬೇರೆಯವರು ಮತ್ತೆ ನೋಡಿದರು. ತಪ್ಪು ಸಿಕ್ಕಿದ್ದು ಒಂದು. ಕೆಲಸ ವಾಪಸ್ ಬರಲಿಲ್ಲ. ನಮೂನೆಯೂ ಬದಲಾಗಲಿಲ್ಲ, ಪರೀಕ್ಷಕರಿಗೆ ಕಣ್ಣಿನ ಪರೀಕ್ಷೆ ಮಾತ್ರ ಕಡ್ಡಾಯವಾಯಿತು.

ಅದರ ಮುಂದಿನ ಭಾನುವಾರ ಅವನು ಅಕ್ಕನ ಮನೆಗೆ ಹೋದಾಗ ಹಾಲ್‌ನಲ್ಲಿ ಟಿವಿ ಓಡುತ್ತಿತ್ತು. ಕಾರ್ಖಾನೆ. ಸುತ್ತಿಗೆ. ಚೋಟು ಕಾಲು ಮಡಿಸಿ ಕುಳಿತು ಒಬ್ಬಳೇ ಆಡುತ್ತಿದ್ದಳು. ಅವನು ಬಾಗಿಲಲ್ಲೇ ನಿಂತ.

"ಅಕ್ಕ. ಇದು ಮತ್ತೆ ಹೇಗೆ ಬಂತು?"

ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಇಣುಕಿದಳು. "ಅಂಗಡಿಯವರೇ ಬದಲಾಯಿಸಿ ಕೊಟ್ರು ಕಣೋ. ಇದು ಸರಿಯಾದ್ದು."

"ಸರಿಯಾದ್ದು ಅಂದ್ರೆ?"

"ಹಸಿರು." ನಿಧಾನವಾಗಿ, ಚಿಕ್ಕ ಮಗುವಿಗೆ ಬಿಡಿಸಿ ಹೇಳುವಂತೆ ಹೇಳಿದಳು. "ನಿಂಗೆ ಗೊತ್ತಾಗಲ್ಲ. ಮುಂಚಿನದ್ದಕ್ಕೂ ಇದಕ್ಕೂ ಅಜಗಜಾಂತರ. ನಾನೇ ಕೂತು ಅರ್ಧ ಗಂಟೆ ನೋಡಿದೀನಿ, ಏನೂ ಅನ್ನಿಸ್ಲಿಲ್ಲ."

"ಆ ಕೊನೇ ಮನುಷ್ಯ?"

"ಯಾವ ಮನುಷ್ಯ?" ಅಂದಳು ಅಕ್ಕ. ನಿಜವಾಗಿಯೂ ಕೇಳುತ್ತಿದ್ದಳು. ಒಲೆಯ ಮೇಲೆ ಏನೋ ಉಕ್ಕಿತು, ಒಳಗೆ ಹೋದಳು.

ಅವನು ಸೋಫಾದ ತುದಿಯಲ್ಲಿ ಕೂತ. ಜೇಬಿಗೆ ಕೈ ಹಾಕಿದಾಗ ಕೌಂಟರ್ ಸಿಕ್ಕಿತು. ಸೊನ್ನೆಗೆ ತಿರುಗಿಸಿದ. ಟಿವಿಯಲ್ಲಿ ಒಬ್ಬ ಬಿದ್ದ, ನೆಲದ ಮೇಲೆ ನೆನೆದ ರಟ್ಟಿನ ಬಣ್ಣ ಹರಡಿತು. ಚೋಟುವಿನ ಕೈ ಪಳಗಿತ್ತು. ಕೊನೆಯವನು ತೆವಳಿದಾಗ ಅವಳು ಅವನ ಮಾತು ಮುಗಿಯುವವರೆಗೂ ಕಾಯಲಿಲ್ಲ. ಬಾಗಿಲು ತೆರೆಯಿತು.

"ನೋಡಿದ್ಯಾ ಮಾಮ, ಈಗ ಎಷ್ಟು ಬೇಗ?"

"ನೋಡಿದೆ," ಅಂದ.

ಅಕ್ಕ ಊಟಕ್ಕೆ ಕರೆದಳು. ಅವನು ಕೌಂಟರ್ ಹೊರತೆಗೆದು ನೋಡಿದ. ನಲವತ್ತೊಂದು.