ಒಂದೇ ಗವಸು

"ಜೋಡಿ ಕೊಡ್ಲಾ, ಇಲ್ಲಾ ಒಂದೇ ದೊಡ್ಡದಾ?"

ರಜಾಯಿ ಗವಸು ತೋರಿಸುತ್ತ ಅಂಗಡಿಯಾಕೆ ಕೇಳಿದ್ದರಲ್ಲಿ ವಿಶೇಷವೇನೂ ಇರಲಿಲ್ಲ. ಜರ್ಮನಿಯ ಈ ಬೀಲೆಫೆಲ್ಡ್‌ನಲ್ಲಿ ಮಂಚ ಒಂದಾದರೂ ಗಂಡನ ರಜಾಯಿ ಗಂಡನಿಗೆ, ಹೆಂಡತಿಯದು ಹೆಂಡತಿಗೆ. ಆದರೂ ಹೆನ್ರಿಕೆ ಎರಡನ್ನೂ ತಿರುವಿ ತಿರುವಿ ನೋಡಿದಳು. ಇವತ್ತು ಸಂಜೆ ಆರಕ್ಕೆ ಫೋಲ್ಕರ್ ಸಾಮಾನು ಕಟ್ಟಿಕೊಂಡು ಅವಳ ಮನೆಗೆ ಬರುವವನಿದ್ದ, ಇನ್ನು ಮುಂದೆ ಅಲ್ಲೇ ಇರಲು. ಎರಡು ಗವಸು ಒಯ್ದರೆ ದೂರವಿರು ಎಂದಂತೆ. ಒಂದೇ ಒಯ್ದರೆ, ಐವತ್ಮೂರರಲ್ಲಿ ಇದೇನು ಆತುರ ಎಂದುಕೊಂಡಾನು.

ಸ್ಯಾಟಿನ್ ಮುಟ್ಟಿದಳು, ಬೆರಳಿಂದ ಜಾರಿತು. ಲಿನನ್ ಮುಟ್ಟಿದಳು. ಒರಟು, ಆದರೆ ಕೈಗೆ ಸಿಕ್ಕಿತು.

"ಒಗೆದಷ್ಟೂ ಮೆತ್ತಗಾಗುತ್ತೆ ಮೇಡಂ. ಮೊದಲು ಸ್ವಲ್ಪ ಸಹಿಸ್ಕೋಬೇಕು."

"ಗಂಡಸರ ಥರ ಅನ್ನಿ."

"ಅಯ್ಯೋ, ಅವರು ಒಗೆದ್ರೂ ಮೆತ್ತಗಾಗಲ್ಲ ಬಿಡಿ!"

ಹೆನ್ರಿಕೆ ಲಿನನ್ ಅನ್ನು ಮತ್ತೊಮ್ಮೆ ಮುಟ್ಟಿದಳು. ಮಾಜಿ ಗಂಡ ಯುರ್ಗನ್ ಜೊತೆ ಹತ್ತೊಂಬತ್ತು ವರ್ಷ. ಎರಡು ಹಾಸಿಗೆ, ಎರಡು ರಜಾಯಿ, ನಡುವೆ ಒಂದು ಸಂದು. ಜಗಳವೇ ಆಗಿರಲಿಲ್ಲ. ಎಲ್ಲವೂ ಆ ಸಂದಿನಲ್ಲಿ ಸದ್ದಿಲ್ಲದೆ ಬಿದ್ದುಹೋಗಿತ್ತು.

"ದೊಡ್ಡದೇ ಕೊಡಿ. ಬೂದು ಬಣ್ಣದ್ದು. ಬೇಗ ಕಟ್ಟಿ."

ಮನೆಯಲ್ಲಿ ಗವಸು ಬಿಡಿಸಿದಾಗಲೇ ಹೊಳೆದದ್ದು: ಅದರೊಳಗೆ ಹಾಕಲು ದೊಡ್ಡ ರಜಾಯಿಯೇ ಇಲ್ಲ. ಇರುವುದು ಒಬ್ಬೊಬ್ಬರಿಗೇ ಆಗುವ ಹಳೆಯ ಎರಡು ಒಂಟಿ ರಜಾಯಿಗಳು. ಶನಿವಾರ, ಅಂಗಡಿ ಆಗಲೇ ಮುಚ್ಚಿತ್ತು. ನಾಳೆ ಭಾನುವಾರ, ಊರಿಗೆ ಊರೇ ಮುಚ್ಚಿರುತ್ತದೆ. ಎರಡನ್ನೂ ಒಂದೇ ಗವಸಿಗೆ ತುರುಕಿದಳು. ನಡುವೆ ಗುಡ್ಡ ಎದ್ದಿತು. ತಟ್ಟಿದಳು, ಎಳೆದಳು, ಮಂಚದ ಸುತ್ತ ನಾಲ್ಕು ಸಲ ಸುತ್ತಿದಳು. ಗುಡ್ಡ ಇಳಿಯಲಿಲ್ಲ.

ಫೋಲ್ಕರ್ ಬಂದ. ಕಂಕುಳಲ್ಲಿ ಸುರುಳಿ ಸುತ್ತಿದ ತನ್ನದೇ ರಜಾಯಿ. ಕೋಣೆಯ ಬಾಗಿಲಲ್ಲೇ ನಿಂತು ಮಂಚ ನೋಡಿದ.

"ಯಾರನ್ನ ಬಚ್ಚಿಟ್ಟಿದ್ದೀಯ ಮಾರಾಯ್ತಿ?"

"ಯುರ್ಗನ್‌ನ." ಬಾಯಿಂದ ಬಂದೇಬಿಟ್ಟಿತು. "ಅವನ ರಜಾಯಿ ಒಂದು, ನಂದೊಂದು. ದೊಡ್ಡ ಗವಸು ತಂದೆ, ಒಳಗೆ ಏನು ಹಾಕೋದು ಅಂತ ಯೋಚನೇನೇ ಮಾಡ್ಲಿಲ್ಲ. ನೀನು ನೋಡಿದ್ರೆ ನಿಂದೇ ತಂದಿದ್ದೀಯ..."

ಅವನು ತನ್ನ ರಜಾಯಿಯನ್ನು ನೆಲಕ್ಕಿಟ್ಟ.

ಫೋಲ್ಕರ್ ಮಂಡಿಯೂರಿ ಗವಸಿನ ಗುಂಡಿಗಳನ್ನು ಬಿಚ್ಚಿದ. ಹಳೆಯ ರಜಾಯಿ ಎರಡನ್ನೂ ಎಳೆದು ಬಾಗಿಲಾಚೆ ಇಟ್ಟ. ತನ್ನದನ್ನು ಒಳಗೆ ತೂರಿಸಿ ಒದರಿದ. ಅದೂ ಒಂಟಿಯೇ. ಗವಸಿನ ಮೂರನೇ ಒಂದು ಪಾಲು ಬರೀ ಬಟ್ಟೆಯಾಗಿ ಒಂದು ಬದಿಗೆ ಜೋತುಬಿತ್ತು.

"ಸೋಮವಾರದ ತನಕ ಇಷ್ಟರಲ್ಲೇ ಸುಧಾರಿಸ್ಕೋಬೇಕು," ಎಂದ. "ಬರೀ ಬಟ್ಟೆ ಇರೋ ಕಡೆ ಯಾರು ಮಲಗೋದು?"

"ಯಾರೂ ಬೇಡ, ಇಬ್ಬರೂ ಈ ಕಡೆಗೇ," ಎಂದಳು ಹೆನ್ರಿಕೆ. ಅವಳ ಕೈ ಮಾತ್ರ ಜೋತುಬಿದ್ದ ಆ ಬಟ್ಟೆಯ ಒರಟು ಅಂಚನ್ನು ನೀವುತ್ತಲೇ ಇತ್ತು.